ಅಕ್ಕು ಓಡಿಸಿದ ನಿಧಾನದ ರೇಸು

ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯ ದೊಡ್ಡ ರಸ್ತೆಯಲ್ಲಿ ಮೂರು ಸ್ಪೀಡ್‌ಬ್ರೇಕರ್‌ಗಳಿವೆ. ಅವು ನನ್ನ ಅರ್ಜಿಯಿಂದ ಬಂದವು ಎಂದು ಕನ್ನಡ ಸಂಘದ ಪ್ರತಿ ಸಭೆಯಲ್ಲೂ ನಾನು ಹೇಳುತ್ತೇನೆ. ಹೇಳಿದಾಗಲೆಲ್ಲ ನನ್ನ ಹೆಂಡತಿ ಜಾನಕಿ ಎರಡನೇ ಸಾಲಿನಿಂದ, ಎಲ್ಲರಿಗೂ ಕೇಳುವ ಹಾಗೆ, "ರೀ ರಮಾಕಾಂತ ರಾಯರೇ, ಸುಮ್ನಿರಿ. ಅದು ಅಕ್ಕು ಮಾಡ್ಸಿದ್ದು" ಅನ್ನುತ್ತಾಳೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಗಂಡನ ಮಾನವನ್ನು ಇಷ್ಟಾದರೂ ಉಳಿಸಬಾರದೇ? ಆದರೆ ಅವಳು ಹೇಳುವುದು ನಿಜ. ಬೇರೆ ಯಾರೋ ಬರೆದು ನನ್ನನ್ನು ಪೂರ್ತಿ ಬಿಟ್ಟೇಬಿಡುವ ಮೊದಲು ಆ ಕಥೆಯನ್ನು ನಾನೇ ಬರೆಯುತ್ತಿದ್ದೇನೆ.

ಅಕ್ಕು ಕಾರ್ಕಳದ ಕಡೆಯ ಬೆಳ್ಮಣ್ಣಿನವಳು. ಗಂಡ ಗುಣಪಾಲ ಮೊದಲು ರಬಾಳೆಯ ಒಂದು ಹೋಟೆಲಿನಲ್ಲಿ ಅಡುಗೆಗಿದ್ದವನು. ಆಮೇಲೆ ನಮ್ಮ ಮಾರುಕಟ್ಟೆಯಲ್ಲಿ, ಲಾರಿ ತೂಗುವ ಕಾಟಾದ ಪಕ್ಕ, ನಾಲ್ಕು ಬೆಂಚಿನ ಇಡ್ಲಿ ಅಂಗಡಿ ಇಟ್ಟ. ಅವನ ಇಡ್ಲಿಯ ಬಗ್ಗೆ ಬರೆಯಲು ಕೂತರೆ ಇದು ಬೇರೆಯೇ ಕಥೆಯಾದೀತು. ಆದರೆ ಆ ಮಹಾಶಯನಿಗೆ ಸೈಕಲ್ ಹತ್ತಲೂ ಹೆದರಿಕೆ. ಹಾಗಾಗಿ ಮಾರುಕಟ್ಟೆಯ ಆಫೀಸುಗಳಿಗೆ ತಿಂಡಿ ಮುಟ್ಟಿಸುವ ಕೆಲಸ ಅಕ್ಕುವಿನ ಪಾಲಿಗೆ ಬಂತು. ಒಂದು ಹಳೆಯ ಮೊಪೆಡ್, ಹಿಂದೆ ಇಡ್ಲಿ ಡಬ್ಬ, ಹ್ಯಾಂಡಲಿಗೆ ನೇತುಹಾಕಿದ ಸಾಂಬಾರಿನ ಕ್ಯಾನು. ಸಾಲುಸಾಲು ಟ್ರೇಲರುಗಳ ಸಂದಿಯಲ್ಲಿ ನುಸುಳಿಕೊಂಡು ಹೋಗುವಾಗ ಆಕೆ ಕಾಲು ನೆಲಕ್ಕೆ ಊರಿದ್ದನ್ನು ಯಾರೂ ಕಂಡಿರಲಿಲ್ಲ. ನಿಧಾನ ಅಂದರೆ ಅಂಥಿಂಥ ನಿಧಾನವಲ್ಲ. ಮೊಣಕಾಲು ನೋವಿನ ನಾನೇ ಒಮ್ಮೆ ನಡೆದುಕೊಂಡು ಆಕೆಯನ್ನು ದಾಟಿದ್ದೆ.

"ಏನಮ್ಮಾ, ಗಾಡಿ ಕೆಟ್ಟಿದ್ಯಾ?" ಎಂದು ಕೇಳಿದೆ.

"ಇಲ್ಲ ಸಾರ್, ಸರಿ ಉಂಟು. ಹೋಗ್ತಾ ಉಂಟಲ್ಲ?" ಎಂದಳು.

ಸಾಂಬಾರು ಚೆಲ್ಲದಿರಲಿ ಎಂದು ಹೀಗೆ ಹೋಗುತ್ತಾಳೆ ಎಂದುಕೊಂಡೆ. ಇಡೀ ಮಾರುಕಟ್ಟೆ ಹಾಗೆಯೇ ಅಂದುಕೊಂಡಿತ್ತು.

ಆಗ ೨೦೧೧. ಭಾನುವಾರ ಮಾರುಕಟ್ಟೆಗೆ ರಜೆ. ಅಗಲವಾದ, ನೇರವಾದ, ಖಾಲಿ ರಸ್ತೆ. ಬೆಳಿಗ್ಗೆ ಏಳಕ್ಕೆ ಹುಡುಗರು ಬೈಕು ತಂದು ರೇಸು ಶುರು ಮಾಡುತ್ತಿದ್ದರು. ಸೈಲೆನ್ಸರ್ ಕಿತ್ತ ಆ ಗಾಡಿಗಳ ಸದ್ದಿಗೆ ನಮ್ಮ ಬಿಲ್ಡಿಂಗಿನ ಕಿಟಕಿ ಗಾಜು ನಡುಗುತ್ತಿತ್ತು, ನನ್ನ ಪಿತ್ತ ನೆತ್ತಿಗೇರುತ್ತಿತ್ತು. ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಡತ ನೋಡಿದವನು ನಾನು, ಸುಮ್ಮನಿರುತ್ತೇನೆಯೇ? ಅರ್ಜಿ ಬರೆದೆ. ಒಂದಲ್ಲ, ಹನ್ನೊಂದು. ಹನ್ನೊಂದಕ್ಕೂ "ಗಮನಿಸಲಾಗಿದೆ" ಎಂಬ ಒಂದೇ ಉತ್ತರ ಬಂತು.

ಜೂನ್ ಮೊದಲ ಭಾನುವಾರ ರಂಜನ್ ಎಂಬ ಹುಡುಗ ಬಿದ್ದ. ಆ ರಸ್ತೆಯ ಮೇಲೆ ಯಾವಾಗಲೂ ಕಬ್ಬಿಣದ ಚೂರು, ತುಕ್ಕಿನ ಪುಡಿ ಬಿದ್ದಿರುತ್ತದೆ. ಗಾಡಿ ಅದರ ಮೇಲೆ ಜಾರಿ, ನಿಂತಿದ್ದ ಟ್ರೇಲರಿನ ಅಡಿಗೇ ಹೋಯಿತು. ಕಾಲು ಎರಡು ಕಡೆ ಮುರಿಯಿತು. ಇನ್ನೊಂದು ಮೊಳ ಮುಂದೆ ಹೋಗಿದ್ದರೆ ತಲೆಯೇ ಚಕ್ರಕ್ಕೆ ಬಡಿಯುತ್ತಿತ್ತು. ನಾನು ವಾಕಿಂಗಿಗೆ ಹೋದವನು ಅಲ್ಲಿಯೇ ಇದ್ದೆ. ರಸ್ತೆಯ ಮಧ್ಯೆ ಅವನ ಒಂದು ಶೂ ಬಿದ್ದಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ನಿಂತಿದ್ದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ.

ತಿಂಗಳು ಕಳೆದ ಮೇಲೆ ರಂಜನ್ ಊರುಗೋಲು ಹಿಡಿದು ಅಕ್ಕುವಿನ ಅಂಗಡಿಗೆ ಬಂದ. ಇಡ್ಲಿ ತಿನ್ನುತ್ತಾ, ತಲೆ ತಗ್ಗಿಸಿಕೊಂಡು, ಬರುವ ಭಾನುವಾರದ ಸುದ್ದಿ ಹೇಳಿದ. ಪನ್ವೇಲಿನ ಹುಡುಗರು ಸವಾಲು ಹಾಕಿದ್ದಾರೆ. ಕಾಟಾದಿಂದ ಹೈವೇ ಬಾಯಿಯವರೆಗೆ ರೇಸು. ಕಳಂಬೋಲಿಯ ಕಡೆಯಿಂದ ಓಡಿಸುವವನು ಮಯೂರ್.

ಮಯೂರ್ ಅಕ್ಕುವಿನ ಒಬ್ಬನೇ ಮಗ. ಇಪ್ಪತ್ತು ವರ್ಷ. ಥಾಣೆಯ ಕಾಲೇಜಿಗೆ ಹೋಗಿಬರಲು ಸುಲಭವಾಗಲಿ ಎಂದು ಆ ಬೈಕು ಕೊಡಿಸಿದವಳು ಅವಳೇ. ನಾನು ಪಕ್ಕದ ಬೆಂಚಿನಲ್ಲಿದ್ದೆ. ಅಕ್ಕುವಿನ ಕೈಯಲ್ಲಿದ್ದ ಚಟ್ನಿ ಸೌಟು ಅಲ್ಲಿಯೇ ನಿಂತಿತು. ಹೈವೇ ಬಾಯಿಯಲ್ಲಿ ಭಾನುವಾರವೂ ಲಾರಿಗಳು ನುಗ್ಗಿ ಬರುತ್ತವೆ ಎಂಬುದು ಆ ಅಂಗಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆ ಸಂಜೆ ಆಕೆ ಮಗನನ್ನು ಕೇಳಿದಳಂತೆ. ಅಪ್ಪ ಅಮ್ಮ ತುಳುವಿನಲ್ಲೋ ಕನ್ನಡದಲ್ಲೋ ಕೇಳುವುದು, ಮಗ ಹಿಂದಿಯಲ್ಲಿ ಉತ್ತರ ಕೊಡುವುದು, ಇದು ಆ ಮನೆಯ ಪದ್ಧತಿ. "ಅಮ್ಮಾ, ಇಜ್ಜತ್ ಕಾ ಸವಾಲ್ ಹೈ", ಮಾನದ ಪ್ರಶ್ನೆ, ಎಂದು ಅವನು ಬಾಗಿಲು ಹಾಕಿಕೊಂಡನಂತೆ. ಗುಣಪಾಲ ಹಿಟ್ಟು ರುಬ್ಬುತ್ತಾ ಅತ್ತನಂತೆ. ಮರುದಿನ ಅಕ್ಕು ನಮ್ಮ ಮನೆಗೆ ಬಂದಳು.

"ಸಾರ್, ನಿಮ್ಮ ಕಾಗದ ಎಂತ ಆಯ್ತು?"

"ಹನ್ನೊಂದು ಬರ್ದಿದೀನಮ್ಮಾ. ಯಾರಿಗೂ ಲೆಕ್ಕಕ್ಕಿಲ್ಲ."

"ಇನ್ನೊಂದು ಬರ್ದು ಜೇಬಲ್ಲಿ ಇಟ್ಕೊಳ್ಳಿ. ಆದಿತ್ಯವಾರ ಬರುವಾಗ ಒಂದು ಸೀಟಿ ತನ್ನಿ."

ಯಾಕೆ ಎಂದು ಕೇಳುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದಳು. "ತಗೊಂಡ್ ಹೋಗ್ರೀ, ಹೇಳಿದಷ್ಟು ಮಾಡಿ" ಎಂದಳು ಜಾನಕಿ. ಮನೆಯಲ್ಲಿ ನನ್ನ ಸ್ಥಾನಮಾನ ಇಷ್ಟು.

ಭಾನುವಾರ ಕಾಟಾದ ಹತ್ತಿರ ಹದಿನೇಳು ಹುಡುಗರು ಸೇರಿದ್ದರು. ಮಯೂರ್ ಮತ್ತು ಪನ್ವೇಲಿನ ಕೆಂಪು ಹೆಲ್ಮೆಟ್ಟಿನವನು ಗಾಡಿ ಗುರುಗುಟ್ಟಿಸುತ್ತಾ ಗೆರೆಯ ಮೇಲೆ ನಿಂತಿದ್ದರು. ಅವರಿಬ್ಬರ ಮಧ್ಯೆ, ಸಾಂಬಾರಿನ ಕ್ಯಾನು ಸಮೇತ, ಅಕ್ಕುವಿನ ಮೊಪೆಡ್ ಬಂದು ನಿಂತಿತು.

"ಮೊದ್ಲು ನನ್ನ ಜೊತೆ ಒಂದು ರೇಸು ಮಾಡಿ. ನಾನು ಸೋತರೆ ಬಾಯಿ ಮುಚ್ಕೊಂಡು ಹೋಗ್ತೇನೆ. ಗೆದ್ದರೆ ಇಲ್ಲಿ ರೇಸು ಬಂದ್, ಮಯೂರನ ಚಾವಿ ನನ್ನ ಕೈಗೆ."

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಯೂರನ ಮುಖ ಕೆಂಪಾಯಿತು. "ಚಲೇಗಾ ಆಂಟಿ!" ಎಂದು ಒಪ್ಪಿಕೊಂಡಿತು ಕೆಂಪು ಹೆಲ್ಮೆಟ್ಟು. ನಾಲ್ವರು ಆಕೆಯ ಜೊತೆ ಸಾಲಾಗಿ ನಿಂತರು. ಮಯೂರನನ್ನೂ ತಳ್ಳಿ ನಿಲ್ಲಿಸಿದರು. ಆಗ ಅಕ್ಕು ನಿಯಮ ಹೇಳಿದಳು. ಇಲ್ಲಿಂದ ಚಹಾ ಅಂಗಡಿಯ ಶಟರಿನವರೆಗೆ ನೂರು ಹೆಜ್ಜೆ. ಎಂಜಿನ್ ನಿಲ್ಲಬಾರದು, ಕಾಲು ಊರಬಾರದು. ಯಾರು ಕೊನೆಗೆ ಮುಟ್ಟುತ್ತಾರೋ ಅವರು ಗೆದ್ದ ಹಾಗೆ. ಇದನ್ನು ಕೇಳಿ ಅವರು ಇನ್ನೂ ಜೋರಾಗಿ ನಕ್ಕರು. ನಿಧಾನವಾಗಿ ಹೋಗಲು ಯಾರಿಗೆ ಬರುವುದಿಲ್ಲ?

ಯಾರಿಗೂ ಬರುವುದಿಲ್ಲ, ಸ್ವಾಮಿ! ನಾನು ಸೀಟಿ ಊದಿ ಉಸಿರು ತಗೊಳ್ಳುವಷ್ಟರಲ್ಲಿ ಒಬ್ಬ ಕಾಲು ಊರಿದ. ಆ ರೇಸು ಬೈಕುಗಳು ಓಡಲೆಂದೇ ಮಾಡಿದವು. ಕ್ಲಚ್ ಬಿಟ್ಟರೆ ಹಾರುತ್ತವೆ, ಹಿಡಿದರೆ ವಾಲುತ್ತವೆ. ಎರಡನೆಯವನ ಗಾಡಿ ಹಾರಿ ನೇರ ಶಟರಿಗೆ ಮುಟ್ಟಿ, ಅವನು ಎಲ್ಲರಿಗಿಂತ ಮೊದಲು ಮುಟ್ಟಿ ಸೋತ ವೀರನಾದ. ಮೂರನೆಯವನ ಎಂಜಿನ್ ಬಂದ್ ಬಿತ್ತು. ಕೆಂಪು ಹೆಲ್ಮೆಟ್ಟು ನಲವತ್ತು ಹೆಜ್ಜೆಯವರೆಗೆ ಹಲ್ಲು ಕಚ್ಚಿ ಬಂದು, ಗಾಡಿ ಸಮೇತ ಮೆತ್ತಗೆ ಅಡ್ಡ ಮಲಗಿತು. ಬದಿಯಲ್ಲಿ ನಿಂತಿದ್ದ ಟ್ರೇಲರ್ ಡ್ರೈವರುಗಳು ಶಿಳ್ಳೆ ಹೊಡೆದರು. ತಿಂಡಿಗೆ ಕಾದು ಕೂತಿದ್ದ ಅವರಿಗೆ ಹಸಿವೇ ಮರೆತುಹೋಗಿತ್ತು.

ಉಳಿದವರು ಅಮ್ಮ, ಮಗ. ಮಯೂರ್ ಚೆನ್ನಾಗಿಯೇ ಓಡಿಸುತ್ತಿದ್ದ, ಸುಮ್ಮನೆ ಹೇಳಬಾರದು. ಅರವತ್ತು ಹೆಜ್ಜೆ. ಎಪ್ಪತ್ತು. ಅಕ್ಕುವಿನ ಚಕ್ರ ಒಂದು ಕಬ್ಬಿಣದ ತುಂಡಿನ ಮೇಲೆ ಹತ್ತಿ ಮೊಪೆಡ್ ವಾಲಿತು. ಆಕೆಯ ಚಪ್ಪಲಿ ನೆಲದಿಂದ ಎರಡು ಬೆರಳು ಮೇಲೆ ಬಂದು ನಿಂತಿತು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಒಂದು ಸುಳ್ಳು ಸಹಿ ಹಾಕದ ನಾನು, ಕಾಲು ಊರಿದರೂ ಊರಿಲ್ಲ ಎನ್ನಲು ತಯಾರಾಗಿಬಿಟ್ಟಿದ್ದೆ. ದೇವರು ದೊಡ್ಡವನು, ಊರಲಿಲ್ಲ. ಆಕೆ ಸೊಂಟವನ್ನು ಒಂಚೂರು ಆ ಕಡೆ ಸರಿಸಿದಳು, ಗಾಡಿ ನೆಟ್ಟಗಾಯಿತು. ಅಮ್ಮ ಬಿದ್ದಳೆಂದು ಹೆದರಿ ತಿರುಗಿ ನೋಡಿದ ಮಯೂರ್ ಎರಡೂ ಕಾಲು ಊರಿದ್ದ.

ನಾನು ಸೀಟಿ ಊದಿದೆ. ಊದುತ್ತಲೇ ಇದ್ದೆ. ಯಾರೋ ಬಂದು ಬಾಯಿಂದ ಕಿತ್ತುಕೊಂಡರು.

ಮಯೂರ್ ಮಾತ್ರ ಚಾವಿಯನ್ನು ಮುಷ್ಟಿಯಲ್ಲಿ ಹಿಡಿದು, "ಯೇ ಚೀಟಿಂಗ್ ಹೈ ಅಮ್ಮಾ! ಸಾಂಬಾರ್ ಕೇ ಚಕ್ಕರ್ ಮೇ ರೋಜ್ ಪ್ರಾಕ್ಟೀಸ್ ಹೈ ತೇರಾ" ಎಂದು ಕೂಗಿದ. ಸಾಂಬಾರು ಚೆಲ್ಲಬಾರದೆಂದು ಅಮ್ಮನಿಗೆ ಇದು ದಿನದ ರೂಢಿ, ಹಾಗಾಗಿ ಇದು ಮೋಸ ಎಂಬುದು ಅವನ ವಾದ.

ಅಕ್ಕು ಕ್ಯಾನನ್ನು ಹ್ಯಾಂಡಲಿನಿಂದ ತೆಗೆದು ಉಲ್ಟಾ ಹಿಡಿದಳು. ಕ್ಲಿಪ್ ಹಾಕಿದ ಬಿಗಿ ಮುಚ್ಚಳ. ಒಂದು ತೊಟ್ಟೂ ಬೀಳಲಿಲ್ಲ.

"ಸಾಂಬಾರಿಗೆ ಎಂತ ಆಗ್ತದೆ? ಇದು ಕಲ್ತದ್ದು ನಿನಗೋಸ್ಕರ ಮಾರಾಯ. ನಿನಗೆ ಆಗ ಎರಡು ವರ್ಷ. ಅಪ್ಪ ಒಲೆ ಹತ್ರ, ಮನೆಯಲ್ಲಿ ನೋಡ್ಕೊಳ್ಳಿಕ್ಕೆ ಒಂದು ಜನ ಇಲ್ಲ. ಇಕೋ, ಇಲ್ಲಿ ನನ್ನ ಎದುರು ನಿಲ್ಲಿಸ್ಕೊಂಡು ಬರ್ತಿದ್ದೆ. ಅರ್ಧ ದಾರಿಗೆ ಹ್ಯಾಂಡಲಿಗೆ ಕೆನ್ನೆ ಇಟ್ಟು ನಿಂಗೆ ನಿದ್ರೆ. ಬ್ರೇಕು ಹಾಕಿದ್ರೆ ಮೂಗಿಗೆ ಬಡೀತದೆ, ಕಾಲು ಊರಿದ್ರೆ ಎಚ್ಚರ ಆಗಿ ಅಳ್ತಿ. ಹಾಗೆ ಕಲ್ತದ್ದು. ನೀನು ದೊಡ್ಡವ ಆಗಿ ಇಳಿದುಹೋದಿ, ನನ್ನ ಕೈಗೆ ಅದೇ ಅಭ್ಯಾಸ ಉಳೀತು." ಆಕೆಯ ದನಿ ಒಮ್ಮೆಲೇ ಏರಿತು. "ಅಷ್ಟು ನಿಧಾನದಲ್ಲಿ ತಂದ ತಲೆ ಇದು. ಇದನ್ನು ತಗೊಂಡು ಹೋಗಿ ಲಾರಿ ಅಡಿಗೆ ಹಾಕ್ತಿಯಾ ನೀನು?"

ಕೆಂಪು ಹೆಲ್ಮೆಟ್ಟಿನವನು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಮಯೂರ್ ಬಂದು ಚಾವಿಯನ್ನು ಅಮ್ಮನ ಅಂಗೈಯಲ್ಲಿಟ್ಟ. ನನಗೆ ಕಣ್ಣು ತುಂಬಿ ಬಂತು. ತುಕ್ಕಿನ ಪುಡಿ ಬಿತ್ತು ಎಂದು ಕರ್ಚೀಫು ತೆಗೆದೆ, ಅದರ ಜೊತೆ ಜೇಬಿನ ಅರ್ಜಿಯೂ ಈಚೆ ಬಂತು. ಮೊದಲು, ರೇಸು ನೋಡಲು ಬಂದಿದ್ದ ರಂಜನ್ ಊರುಗೋಲು ಬದಿಗಿಟ್ಟು ಸಹಿ ಹಾಕಿದ. ಆಮೇಲೆ ಹದಿನೇಳು ಹುಡುಗರೂ ಹಾಕಿದರು. ರೇಸು ಮಾಡುವವರೇ ಸ್ಪೀಡ್‌ಬ್ರೇಕರ್ ಬೇಕೆಂದು ಕೇಳಿದ ಅರ್ಜಿಗೆ "ಗಮನಿಸಲಾಗಿದೆ" ಎಂದು ಬರೆಯಲು ಯಾರಿಗೂ ಧೈರ್ಯ ಬರಲಿಲ್ಲ, ದೀಪಾವಳಿಗೆ ಮುಂಚೆ ಕೆಲಸ ಮುಗಿಯಿತು. ಆ ಹುಡುಗರು ಈಗಲೂ ಭಾನುವಾರ ಬರುತ್ತಾರೆ. ನೂರು ಹೆಜ್ಜೆಯ ನಿಧಾನದ ರೇಸು, ಗೆದ್ದವನಿಗೆ ಗುಣಪಾಲನ ಕೈಯ ಬಿಸಿ ಇಡ್ಲಿ, ಸೀಟಿ ನನ್ನದು. ಅಕ್ಕುವನ್ನು ಇನ್ನೂ ಯಾರೂ ಸೋಲಿಸಿಲ್ಲ.

ಆ ಬೆಳಿಗ್ಗೆ ಸಹಿಯೆಲ್ಲ ಮುಗಿದ ಮೇಲೆ ಡ್ರೈವರುಗಳು "ಅರೇ, ನಾಷ್ಟಾ!" ಎಂದು ಕೂಗಿದರು. ಅಕ್ಕು ಮೊಪೆಡ್ ಶುರು ಮಾಡಿದಳು. ಮಯೂರ್ ಹತ್ತಿರ ಬಂದು ಇಡ್ಲಿ ಡಬ್ಬವನ್ನು ಬಿಚ್ಚಿ ತನ್ನ ಮಡಿಲಿಗೆ ತೆಗೆದುಕೊಂಡು, ಡಬ್ಬವಿದ್ದ ಜಾಗದಲ್ಲಿ ಕೂತ.

"ಹೋಗುವಾ ಅಮ್ಮಾ" ಎಂದ, ಕನ್ನಡದಲ್ಲಿ.

ಮೊಪೆಡ್ ಹೊರಟಿತು. ಅವನು ಅಮ್ಮನ ಬೆನ್ನಿಗೆ ಕೆನ್ನೆ ಒರಗಿಸಿದ್ದ. ಅಕ್ಕು ಬ್ರೇಕು ಹಾಕಲಿಲ್ಲ, ಕಾಲು ಊರಲಿಲ್ಲ. ಮೊಣಕಾಲು ನೋವಿನ ನಾನು ನಡೆದುಕೊಂಡೇ ಅವರನ್ನು ದಾಟಿ ಮುಂದೆ ಹೋದೆ.