ಅಂಚು ಹೇಗಿದೆ?

ಸೊಪ್ಪು ಕೊಳ್ಳುವಾಗ ನಾನು ಬೆಲೆ ಕೇಳುವ ಮೊದಲು ಎಲೆಯ ಅಂಚು ನೋಡುತ್ತೇನೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವನ ಚಟ. ಹೋದ ತಿಂಗಳು ಈ ಚಟವೇ ನನ್ನ ನಿದ್ದೆ ಕೆಡಿಸಿತು. ರಸೆಲ್ ಮಾರುಕಟ್ಟೆಯಲ್ಲಿ ಒಂದೆಲಗದ ಕಟ್ಟು ಹಿಡಿದು ‘ಮೂತ್ರಪಿಂಡಾಕಾರ’ ಎಂದು ಗಟ್ಟಿಯಾಗಿ ಅಂದರೆ ಸಾಕು, ಹೆಂಡತಿ ರೇವತಿ, “ರೀ, ಚಟ್ನಿ ಮಾಡೋ ಸೊಪ್ಪದು, ಬಾಯಿರುಚಿ ಕೆಡಿಸ್ಬೇಡಿ” ಎನ್ನುತ್ತಾಳೆ.

ಅವಳ ಮಾತಿನಲ್ಲಿ ಹುರುಳಿದೆ. ನಮ್ಮ ಶಾಸ್ತ್ರದವರು ಎಲೆಯ ಆಕಾರಕ್ಕೆ ಹೆಸರಿಡಲು ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ತಂದಿದ್ದಾರೆ. ವೀಳ್ಯದೆಲೆಗೆ ಹೃದಯ, ಮಾವಿನೆಲೆಗೆ ಭರ್ಜಿ, ದಾಸವಾಳದ ಎಲೆಯಂಚಿಗೆ ಬಡಗಿಯ ಗರಗಸ. ಹಲ್ಲೂ ಮುಳ್ಳೂ ಇಲ್ಲದ ಅಂಚಿಗೆ ಮಾತ್ರ ‘ಅಖಂಡ’ ಎಂದು ಹೇಳಿ ಕೈತೊಳೆದುಕೊಂಡರು. ನಾನೂ ಪಾಠದಲ್ಲಿ ಅದನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದೆ. ಏನೂ ಇಲ್ಲದ ಅಂಚಿನ ಬಗ್ಗೆ ಹೇಳುವುದಾದರೂ ಏನು?

ಹೋದ ತಿಂಗಳು ರೇವತಿಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. “ಸ್ಕ್ಯಾನಿಂಗಲ್ಲಿ ಅದರ ಅಂಚು ಹೇಗಿದೆ ಅಂತ ನೋಡ್ಬೇಕು. ನಯವಾಗಿದ್ರೆ ಒಳ್ಳೇದು, ಮುಳ್ಳುಮುಳ್ಳಾಗಿದ್ರೆ ಯೋಚ್ನೆ ಮಾಡ್ಬೇಕಾಗತ್ತೆ” ಎಂದರು ಡಾಕ್ಟರು. ಬೇರೆ ಗಂಡಂದಿರಾದರೆ ಆ ಮಾತನ್ನು ಕೇಳಿ ಸುಮ್ಮನಿರುತ್ತಿದ್ದರೇನೋ. ನನಗೆ ಅಂದಿನಿಂದ ಕಣ್ಣು ಮುಚ್ಚಿದರೆ ಮೈತುಂಬ ಮುಳ್ಳಿನ ಉಮ್ಮತ್ತಿಯ ಕಾಯಿ.

ಇಂದಿರಾನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವಳು ಒಳಗೆ, ನಾನು ಹೊರಗೆ. ಮೂಲೆಯ ಕುಂಡದಲ್ಲೊಂದು ಗಿಡವಿತ್ತು. ಅದರ ಎಲೆಯ ಅಂಚು ನೋಡುವ ಧೈರ್ಯವಾಗಲಿಲ್ಲ. ಹಲ್ಲಿದ್ದು, ಅದೇ ಶಕುನವಾಗಿಬಿಟ್ಟರೆ? ಹೇಳಿಕೊಳ್ಳಲು ವಿಜ್ಞಾನದ ಮೇಷ್ಟ್ರು! ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೂತೆ. ನನಗೆ ತುಂಬಾ ಭಯವಾಗಿತ್ತು.

ಬಾಗಿಲು ತೆರೆದು ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಬಂದರು. ನಾನು ಎದ್ದವನೇ, “ಮೇಡಂ, ಅಖಂಡಾನಾ, ಗರಗಸಾನಾ?” ಎಂದೆ.

“ಏನ್ ಸರ್?” ಅವರು ಗಾಬರಿಯಾದರು.

ಹಿಂದೆಯೇ ಸೆರಗು ಸರಿಮಾಡಿಕೊಳ್ಳುತ್ತ ಬಂದ ರೇವತಿ, “ಎಲೆ ಪಾಠ ಮಾಡ್ತಾರೆ ಮೇಡಂ. ಅಂಚು ನಯವಾಗಿದ್ಯಾ ಅಂತ ಕೇಳ್ತಿದಾರೆ” ಎಂದಳು.

“ನಯವಾಗೇ ಇದೆ. ಮೊಟ್ಟೆ ಥರ, ಎಲ್ಲೂ ಮುಳ್ಳಿಲ್ಲ. ಭಯ ಪಡ್ಬೇಡಿ, ಆರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ.”

ಕುರ್ಚಿಯಲ್ಲಿ ಕೂತುಬಿಟ್ಟೆ. ರೇವತಿ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು. ಕುಂಡದ ಗಿಡವನ್ನು ಆಗ ನೋಡಿದೆ. ಎಲೆಯ ಸುತ್ತ ಗರಗಸವೇ ಗರಗಸ, ಪಾಪ, ಅದರದೇನು ತಪ್ಪು?

ಮೊನ್ನೆ ಕ್ಲಾಸಿನಲ್ಲಿ ‘ಅಖಂಡ’ ಅಂಚಿಗೆ ಇಡೀ ಒಂದು ಪೀರಿಯಡ್ ತೆಗೆದುಕೊಂಡೆ. ಹಲ್ಲಿಲ್ಲ, ಮುಳ್ಳಿಲ್ಲ, ಏನೂ ಇಲ್ಲ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ನನಗೆ ತೃಪ್ತಿಯಾಗಲಿಲ್ಲ. ಮಕ್ಕಳು ಆಕಳಿಸಿದರು. ಆ ಅಂಚಿನ ಮುಂದೆ ಕೂತು ಆಕಳಿಸುವ ಭಾಗ್ಯ ಅವರಿಗೆ ಬಹುಕಾಲ ಇರಲಿ.