ನಕಾಶೆ ಅಳೆದ ದರ್ಜಿ

ಅಣ್ಣಿಗೇರಿಯಲ್ಲಿ ನಾನು ಭೂಗೋಳ ಕಲಿಸುತ್ತಿದ್ದಾಗ ಶಾಲೆಯ ಎದುರಿಗೆ ಒಬ್ಬ ದರ್ಜಿ ಇದ್ದರು. ಯಾರು ಏನೇ ಹೇಳಲಿ, ಕೊರಳಿನ ಟೇಪಿನ ತುದಿ ಹಿಡಿದು "ಅಳದು ಮಾತಾಡ್ರಿ" ಅನ್ನುತ್ತಿದ್ದರು. ಮಳೆಯ ಮಾತು ಬಂದರೂ ಅಷ್ಟೇ.

ಒಮ್ಮೆ ಶಾಲೆಯ ಜಗತ್ತಿನ ನಕಾಶೆಯ ಅಂಚು ಹರಿದಿತ್ತು. ಬಟ್ಟೆಯ ನಕಾಶೆ, ಹೊಲಿಯಲು ಅವರಿಗೆ ಕೊಟ್ಟೆ. ಸಂಜೆ ಹೋದರೆ ಒಂದು ಕಣ್ಣು ಮುಚ್ಚಿ ಅದರ ಮೇಲ್ತುದಿಯನ್ನು ಅಳೆಯುತ್ತಿದ್ದರು. ನಾರ್ವೆಯ ಟ್ರಾಮ್ಸೊ, ಅದರಾಚೆ ಹಿಮದ ದ್ವೀಪದ ಲಾಂಗ್‌ಯರ್‌ಬೀನ್; ಎರಡರ ಪಕ್ಕವೂ ವಿಮಾನದ ಗುರುತು, ನಡುವೆ ಅವರ ಟೇಪು.

"ಹುಬ್ಬಳ್ಳಿಯಿಂದ ದಿಲ್ಲಿ ಒಂದೂವರಿ ಇಂಚು, ವಿಮಾನಕ್ಕ ಎರಡೂವರಿ ತಾಸು. ಇದು ಮೂರು ಇಂಚಿನ ಮ್ಯಾಲೈತ್ರಿ. ಐದು ತಾಸರೆ ಹಿಡೀತೈತಿ."

ನಾನು ಮೊಬೈಲಿನಲ್ಲಿ ನೋಡಿದೆ. ಎರಡು ತಾಸೂ ಇಲ್ಲ.

"ಟೇಪ್ ಸುಳ್ಳು ಹೇಳೂದಿಲ್ರಿ ಸರ" ಎಂದು ಮತ್ತೆ ಅಳೆದರು. ಅದೇ ಮೂರು ಇಂಚು. ಆಮೇಲೆ ಅರ್ಧ ಹೊಲಿದ ಕೂಸಿನ ಕುಲಾಯಿ ಟೋಪಿಯೊಂದನ್ನು ಬಿಚ್ಚಿ ಮೇಜಿನ ಮೇಲೆ ಹರವಿದರು. ಕಿವಿಯ ಕಡೆ ಅಗಲ, ನೆತ್ತಿಯ ಕಡೆ ಸಣ್ಣದು. ಆ ನೆತ್ತಿಯನ್ನು ಎರಡೂ ಕೈಯಿಂದ ಜಗ್ಗಿ ಕಿವಿಯಷ್ಟೇ ಅಗಲ ಮಾಡಿದರು.

"ಗುಂಡನ ಭೂಮಿನ ಹಿಂಗ ಹಾಸ್ಯಾರ್ರಿ. ನೆತ್ತಿ ಕಡೆ ಅರಿವಿ ಜಗ್ಗ್ಯಾರ."

ಅದೇ ನಕಾಶೆಯ ಮೇಲೆ ಸ್ಕೇಲ್ ಇಡಿಸಿ ನಾನು ಹನ್ನೆರಡು ವರ್ಷ ಮಕ್ಕಳಿಂದ ದೂರ ಅಳೆಸಿದ್ದೆ.

ಅವರು ಸೂಜಿಗೆ ದಾರ ಪೋಣಿಸಿ ನನ್ನ ಮುಖ ನೋಡಿದರು.

"ಬರೇ ಅಂಚು ಹೊಲೀಲೋ, ನೆತ್ತಿ ಕಡೆ ನಿರಿಗಿ ಹಿಡದು ಸಣ್ಣ ಮಾಡ್ಲೋ ಸರ?"