ಕಾಲು ಮುಂದಾಗಿ ಹುಟ್ಟಿದವನ ಸೊಂಟ

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಗೆ ಬಂದಿತಂತೆ. ನಮ್ಮ ಕಡೆ ಅಂಥವರ ಕಾಲಿಗೆ ಒಂದು ಬೆಲೆಯಿದೆ. ಯಾರಿಗಾದರೂ ಸೊಂಟ ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೂರು ಸಲ ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಎಂದು ನಂಬುತ್ತಾರೆ. ಹಾಗಾಗಿ ನನಗೆ ಬುದ್ಧಿ ಬರುವ ಮೊದಲೇ ನನ್ನ ಕಾಲಿಗೆ ಕೆಲಸ ಸಿಕ್ಕಿತ್ತು. ಎದ್ದು ಕಣ್ಣುಜ್ಜಿಕೊಂಡು ಬಂದರೆ ಹೊಸಿಲಿನ ಆಚೆ ಯಾರೋ ಒಬ್ಬರು ಬೋರಲು ಮಲಗಿರುತ್ತಿದ್ದರು. ಊರಿನ ಯಜಮಾನರನ್ನು ಒದ್ದಿದ್ದೇನೆ, ಹಾಲಿನ ಡೈರಿಯ ಕಾರ್ಯದರ್ಶಿಯನ್ನು ಒದ್ದಿದ್ದೇನೆ, ದಿನವೂ ನನ್ನ ಕಿವಿ ಹಿಂಡುತ್ತಿದ್ದ ಮೇಷ್ಟ್ರನ್ನೂ ಒದ್ದಿದ್ದೇನೆ. ಮೇಷ್ಟ್ರಿಗೆ ಮಾತ್ರ ಲೆಕ್ಕ ತಪ್ಪಿದವನ ಹಾಗೆ ನಾಲ್ಕನೆಯದನ್ನೂ ಸೇರಿಸಿದೆ. ಅವರು ಎದ್ದು ನಿಂತು, ಈಗ ಹಗುರಾಯಿತು ಕಣೋ ಎಂದರು.

ಎಷ್ಟು ಜನಕ್ಕೆ ನಿಜವಾಗಿ ಗುಣವಾಯಿತೋ ನನಗೆ ಗೊತ್ತಿಲ್ಲ. ಉಳುಕು ಅನ್ನುವುದು ನಾಲ್ಕು ದಿನದಲ್ಲಿ ತಾನಾಗಿಯೇ ಹೋಗುತ್ತದೆ, ಹೆಸರು ಕಾಲಿಗೆ ಬರುತ್ತದೆ. ಈಗ ಹೀಗೆ ಹೇಳುತ್ತೇನೆ. ಆಗ ಹೇಳುತ್ತಿರಲಿಲ್ಲ. ನನ್ನ ಕಾಲಿನ ಬಗ್ಗೆ ನನಗೆ ಸಣ್ಣ ಜಂಬವಿತ್ತು.

ದೊಡ್ಡವನಾದ ಮೇಲೂ ಕಾಲಿನಿಂದಲೇ ಅನ್ನ ತಿಂದೆ. ಹತ್ತೊಂಬತ್ತು ವರ್ಷ ಡ್ರೈವರ್ ಆಗಿದ್ದೆ. ಕೊನೆಯ ಹನ್ನೊಂದು ವರ್ಷ, ದೊಡ್ಡಬಳ್ಳಾಪುರದ ಸುತ್ತಲಿನ ಹಳ್ಳಿಗಳಿಂದ ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವ ಬಸ್ಸು ಓಡಿಸಿದೆ. ಬೆಳಿಗ್ಗೆ ಒಂದು ಸಲ ತುಂಬಿಸಿಕೊಂಡು ಹೋಗುವುದು, ಸಂಜೆ ಒಂದು ಸಲ ಊರೂರಿಗೆ ಇಳಿಸಿ ಬರುವುದು. ಸ್ಟೇರಿಂಗ್ ಬಿಟ್ಟರೆ ಬೇರೆ ಯಾವ ಕೆಲಸವೂ ನನಗೆ ಬರುವುದಿಲ್ಲ. ಅಣ್ಣ ತಮ್ಮಂದಿರು ದ್ರಾಕ್ಷಿ ಬೆಳೆಯುತ್ತಿದ್ದರು. ನಾನು ಆ ತೋಟದೊಳಗೆ ಕಾಲಿಟ್ಟರೆ ಬಳ್ಳಿಗೇ ಭಯವಾಗುತ್ತಿತ್ತು.

ಸೊಂಟ ನೋವು ಶುರುವಾದದ್ದು ಯಾವಾಗ ಎಂದು ದಿನ ಹೇಳಲಾರೆ. ಮೊದಲು ಸಂಜೆ ಮಾತ್ರ ಬರುತ್ತಿತ್ತು, ಆಮೇಲೆ ಬೆಳಿಗ್ಗೆಯೂ ಬಂತು, ಆಮೇಲೆ ಹೋಗಲೇ ಇಲ್ಲ. ಎರಡು ವರ್ಷ ಹಾಗೇ ತಳ್ಳಿದೆ. ಪ್ಯಾಂಟು ಹಾಕಿಕೊಳ್ಳಲು ಗೋಡೆಗೆ ಒರಗಬೇಕು. ಸೀನು ಬಂದರೆ ಪ್ರಾಣ ಹೋದಂತೆ. ಒಂದು ದಿನ ಬಚ್ಚಲಿನಲ್ಲಿ ಕೈಜಾರಿದ ಸೋಪನ್ನು ಎತ್ತಿಕೊಳ್ಳಲಾರದೆ, ಅದನ್ನೇ ನೋಡುತ್ತಾ ನಿಂತು ಅತ್ತುಬಿಟ್ಟೆ. ಇಂಥ ಬದುಕು ಯಾಕೆ ಬೇಕು ಎನ್ನಿಸಿತು. ಬಾಗಿಲ ಆಚೆಯಿಂದ ಹೆಂಡತಿ ಕೂಗಿದಳು.

"ಊರೋರ ಸೊಂಟಾನೆಲ್ಲ ಒದ್ದು ಸರಿ ಮಾಡ್ದೋನು ನೀನು. ನಿಂದನ್ನ ಒದ್ಕೋ ನೋಡಾನಾ. ಆಗಲ್ಲ ತಾನೇ? ನಡಿ ಆಸ್ಪತ್ರೆಗೆ."

ಹಾಗೆ ದೊಡ್ಡಬಳ್ಳಾಪುರದಲ್ಲಿ ಒಂದು ಮೆಡಿಕಲ್ ಸ್ಟೋರಿನ ಮಹಡಿ ಮೇಲಿದ್ದ ಫಿಸಿಯೋಥೆರಪಿಗೆ ಹೋದೆವು. ಸೊಂಟ ನೋವಿನವರಿಗೆ ಮೆಟ್ಟಿಲು ಹತ್ತಿಸುವ ಆಸ್ಪತ್ರೆ ಅದು. ಡಾಕ್ಟರಮ್ಮನಿಗೆ ನನ್ನ ಬಸ್ಸಿನಲ್ಲಿ ಬರುವ ಹುಡುಗಿಯರ ವಯಸ್ಸು. ನನ್ನನ್ನು ಬೋರಲು ಮಲಗಿಸಿದರು. ಮುಖ ಇಡಲು ತೂತು ಬಿಟ್ಟ ಮಂಚ, ಕೆಳಗೆ ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಹೆಬ್ಬೆರಳಿನಿಂದ ಬೆನ್ನಿನ ಒಂದೊಂದೇ ಮಣಿಯನ್ನು ಹುಡುಕಿ, ಒತ್ತಿ, ಅಲುಗಿಸಿ, ಬಿಟ್ಟು, ಮತ್ತೆ ಒತ್ತಿದರು. ಒಂದು ಜಾಗಕ್ಕೆ ಬಂದಾಗ ನಾನು ಕಿರುಚಿದೆ. ಅರ್ಧ ಗಂಟೆಯ ಮೇಲೆ ಎದ್ದು ನಿಂತರೆ, ಎರಡು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನಿಂತಿದ್ದೆ. ಆ ಹುಡುಗಿಯ ಕೈಗೆ ನಮಸ್ಕಾರ ಮಾಡಬೇಕು ಎನ್ನಿಸಿತು.

"ನಿಮ್ಮ ಕೈಗುಣ ಚೆನ್ನಾಗಿದೆ ಮೇಡಂ" ಎಂದೆ.

"ಕೈಗುಣ ಏನಿಲ್ಲ ಸಾರ್. ನಾನು ಒತ್ತಿದ್ದು ಎರಡು ದಿನ ಇರುತ್ತೆ ಅಷ್ಟೆ. ಆ ಎರಡು ದಿನದಲ್ಲಿ ನೀವು ವ್ಯಾಯಾಮ ಮಾಡ್ಬೇಕು. ಗುಣ ಆಗೋದು ಅದರಿಂದ" ಎಂದು ಮೂರು ವ್ಯಾಯಾಮ ಹೇಳಿಕೊಟ್ಟರು. ಬೋರಲು ಮಲಗಿ ಎದೆ ಎತ್ತುವುದು, ಮೊಣಕಾಲು ಮಡಚಿ ಸೊಂಟ ಎತ್ತುವುದು, ದಿನಾ ನಡೆಯುವುದು. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಕೂರಬೇಡಿ ಎಂದರು. ಡ್ರೈವರಿಗೆ ಕೂರಬೇಡ ಅನ್ನುವುದು ಮೀನಿಗೆ ನೀರಿಗಿಳಿಯಬೇಡ ಅಂದ ಹಾಗೆ. ಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ ಅವತ್ತೇ ಬನ್ನಿ ಎಂದೂ ಹೇಳಿದರು. ನಾನು ತಲೆಯಾಡಿಸಿದೆ.

ವ್ಯಾಯಾಮವನ್ನು ನಾಲ್ಕು ದಿನ ಮಾಡಿದೆ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಸೊಂಟ ಎತ್ತಿದಾಗ, ಮೊಸರು ಕೇಳಲು ಬಂದ ಪಕ್ಕದ ಮನೆಯಾಕೆ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ಓಡಿದಳು. ಅಲ್ಲಿಗೆ ಚಾಪೆ ಸುತ್ತಿಟ್ಟೆ. ನಿಜ ಹೇಳಬೇಕೆಂದರೆ ನಾಚಿಕೆಯೊಂದೇ ಕಾರಣವಲ್ಲ. ನಾವು ಗುಣವನ್ನು ಬೇರೆಯವರ ಕೈಯಿಂದ, ಬೇರೆಯವರ ಕಾಲಿನಿಂದ ತೆಗೆದುಕೊಂಡು ಬೆಳೆದ ಜನ. ಮಲಗಿಕೊಳ್ಳಬೇಕು, ಯಾರಾದರೂ ಏನಾದರೂ ಮಾಡಬೇಕು, ಎದ್ದು ಹೋಗಬೇಕು. ನನ್ನ ಸೊಂಟವನ್ನು ನಾನೇ ಗುಣ ಮಾಡಿಕೊಳ್ಳುವುದು ಎಂಬ ಮಾತು ನನ್ನ ತಲೆಗೆ ಹೋಗಲೇ ಇಲ್ಲ. ವಾರಕ್ಕೆ ಎರಡು ಸಲ ಹೋಗಿ ಒತ್ತಿಸಿಕೊಂಡು ಬರುತ್ತಿದ್ದೆ. ವ್ಯಾಯಾಮ ಮಾಡ್ತಿದ್ದೀರಾ ಎಂದರೆ, ತೂತಿನೊಳಗಿಂದ ಹೂಂ ಎನ್ನುತ್ತಿದ್ದೆ.

ಎರಡು ದಿನದ ಹಗುರ ಒಂದು ದಿನಕ್ಕೆ ಇಳಿಯಿತು, ಆಮೇಲೆ ಅರ್ಧ ದಿನಕ್ಕೆ. ಸಂಕಟ ಬಂದಾಗ ವೆಂಕಟರಮಣ. ನಂದಗುಡಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಹಾಗೆಯೇ ಕಾಲು ಮುಂದಾಗಿ ಹುಟ್ಟಿದ ಒಬ್ಬ ಹೆಂಗಸು ಇದ್ದಾಳೆ ಎಂದು ಕ್ಲೀನರೊಬ್ಬ ಹೇಳಿದ. ಯಾರದೋ ಮದುವೆಯ ಮಾತುಕತೆಗೆ ಹೋಗಬೇಕು ಎಂದು ಹೆಂಡತಿಗೆ ಸುಳ್ಳು ಹೇಳಿ, ಭಾನುವಾರ ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಹೊರಟೆ.

ಅರವತ್ತು ದಾಟಿದ ಗಟ್ಟಿ ಜೀವ ಆಕೆ. ರಾಗಿ ಮೂಟೆ ಎತ್ತುವ ಮೈ. ನಾನೂ ನಿಮ್ಮಂಥವನೇ ಎಂದು ಹೇಳಿದಾಗ ಬಹಳ ಹೊತ್ತು ನನ್ನ ಮುಖ ನೋಡಿದಳು.

"ನಮ್ಮಂಥೋರಿಗೇ ಬಂದ್ರೆ ಮೂರು ಸಾಲದು ಕಣಪ್ಪಾ. ಮೇಲೆ ನಿಂತ್ಕೊಂಡು ತುಳೀಬೇಕಾಯ್ತದೆ. ತಡ್ಕೊಂತೀಯಾ?"

"ತಡ್ಕೊಂತೀನಿ. ಏನಾದ್ರೂ ಮಾಡಮ್ಮ, ನಂಗೆ ಸಾಕಾಗೋಗದೆ" ಎಂದು ಅವಳ ಹೊಸಿಲಿನ ಆಚೆ ಬೋರಲು ಮಲಗಿದೆ. ಕೆನ್ನೆಗೆ ಸಗಣಿ ಸಾರಿಸಿದ ನೆಲ ತಣ್ಣಗಿತ್ತು. ಅವಳು ಎರಡೂ ಕಾಲನ್ನು ನನ್ನ ಸೊಂಟದ ಮೇಲಿಟ್ಟು ನಿಂತಳು. ಒಳಗೆಲ್ಲೋ ಲಟಕ್ ಎಂದಿತು. ಬೆನ್ನಿನಿಂದ ಅಂಗಾಲಿನವರೆಗೆ ಬೆಂಕಿ ಹರಿಯಿತು. ಆಮೇಲೆ, ಆಶ್ಚರ್ಯವೆಂದರೆ, ಸೊಂಟದ ನೋವು ಅರ್ಧಕ್ಕೆ ಇಳಿಯಿತು. ನಾನು ಆಕೆಯ ಕಾಲಿಗೆ ಬಿದ್ದು ಬಂದೆ. ದಾರಿಯುದ್ದಕ್ಕೂ ಬೈಕಿನ ಮೇಲೆ ಹಾಡು ಹೇಳಿಕೊಂಡು ಬಂದೆ, ಮೂರ್ಖ.

ಸೋಮವಾರ ಸಂಜೆ ಮನೆಯೊಳಗೆ ಬಂದಾಗ ಹೆಂಡತಿ ಕೇಳಿದಳು. "ಒಂದ್ ಚಪ್ಪಲಿ ಎಲ್ಲಿ?" ನೋಡಿದರೆ ಬಲಗಾಲಿನ ಚಪ್ಪಲಿ ಇರಲಿಲ್ಲ. ಬೀದಿಯಲ್ಲಿ ಎಲ್ಲೋ ಕಳಚಿ ಬಿದ್ದಿತ್ತು. ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ.

ಗುರುವಾರದವರೆಗೆ ಯಾರಿಗೂ ಹೇಳಲಿಲ್ಲ. ಗುರುವಾರ ಮಹಡಿ ಮೆಟ್ಟಿಲು ಹತ್ತುವಾಗ ಬಲಗಾಲಿನ ಬೆರಳು ಪ್ರತಿ ಮೆಟ್ಟಿಲಿಗೂ ತಗಲುತ್ತಿತ್ತು. ಡಾಕ್ಟರಮ್ಮ ನಾನು ಒಳಗೆ ನಡೆದು ಬಂದ ರೀತಿಯನ್ನೇ ನೋಡಿದರು. ಮಂಚದ ಮೇಲೆ ಅಂಗಾತ ಮಲಗಿಸಿ, ನನ್ನ ಕಾಲಿನ ಹೆಬ್ಬೆರಳ ಮೇಲೆ ಅವರ ಒಂದು ಬೆರಳಿಟ್ಟು, "ಮೇಲಕ್ಕೆ ಎತ್ತಿ" ಎಂದರು. ಎಡಗಾಲಿನದು ಎದ್ದಿತು. ಬಲಗಾಲಿನ ಹೆಬ್ಬೆರಳು ಒಂದು ಚೂರು ಅಲುಗಿ ಬಿದ್ದುಕೊಂಡಿತು. ಆಮೇಲೆ ಅಂಗಾಲಿನ ಮೇಲೆ ಕೈಯಿಟ್ಟು, ಕೆಳಕ್ಕೆ ಒತ್ತಿ ಎಂದರು. ಅದಕ್ಕೂ ಬಲವಿರಲಿಲ್ಲ. ಯಾರು ಏನು ಮಾಡಿದರು ಎಂದು ಕೇಳಿದರು. ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು.

"ಬ್ರೇಕ್ ಯಾವ ಕಾಲಲ್ಲಿ ಸಾರ್?"

"ಬಲಗಾಲು."

"ಇವತ್ತಿಂದ ಬಸ್ ಮುಟ್ಬೇಡಿ. ಬೆಂಗಳೂರಿಗೆ ಬರೆದುಕೊಡ್ತೀನಿ, ಸ್ಕ್ಯಾನ್ ಆಗ್ಲೇಬೇಕು. ನರ ಒತ್ತಿಹೋಗಿದೆ. ಇದು ನನ್ನ ಕೈಯಲ್ಲಿ ಇಲ್ಲ."

"ಒಂದ್ಸಲ ಒತ್ತಿ ನೋಡಿ ಮೇಡಂ" ಎಂದು ಬೇಡಿಕೊಂಡೆ. ನಾಚಿಕೆ ಬಿಟ್ಟು, ಮಗಳ ವಯಸ್ಸಿನ ಹುಡುಗಿಗೆ ಕೈ ಮುಗಿದೆ. ಅವರು ಒತ್ತಲಿಲ್ಲ. ಚೀಟಿ ಬರೆದು ನನ್ನ ಅಂಗಿ ಜೇಬಿನಲ್ಲಿ ತಾವೇ ಇಟ್ಟರು.

ಆ ಚೀಟಿ ಜೇಬಿನಲ್ಲಿದ್ದ ಹಾಗೆಯೇ ಶುಕ್ರವಾರ ಬಸ್ಸು ತೆಗೆದೆ. ಶನಿವಾರವೂ ತೆಗೆದೆ. ಒಂದು ವಾರ ಸೀಟು ಬಿಟ್ಟರೆ ಆ ಸೀಟಿಗೆ ಬೇರೆಯವನು ಬರುತ್ತಾನೆ, ಮತ್ತೆ ನನ್ನನ್ನು ಯಾರೂ ಕರೆಯುವುದಿಲ್ಲ. ಅದೊಂದೇ ಯೋಚನೆ. ಕಾಲು ಕಾಣುವ ಹಾಗೆ ಸೀಟನ್ನು ಹಿಂದಕ್ಕೆ ಸರಿಸಿಕೊಂಡೆ. ಪೆಡಲಿನ ಮೇಲೆ ಕಾಲಿದೆಯೇ ಎಂದು ಕಣ್ಣಿನಿಂದ ನೋಡಿ ಬ್ರೇಕ್ ಹಾಕುತ್ತಿದ್ದೆ. ಹತ್ತೊಂಬತ್ತು ವರ್ಷ ರಸ್ತೆ ನೋಡಿದವನು ಈಗ ಕಾಲು ನೋಡಿಕೊಂಡು ಓಡಿಸಿದೆ.

ಸೋಮವಾರ ಬೆಳಿಗ್ಗೆ, ಬಾಶೆಟ್ಟಿಹಳ್ಳಿ ಇನ್ನೆರಡು ಕಿಲೋಮೀಟರ್ ಇದೆ ಅನ್ನುವಾಗ, ಮುಂದೆ ಹೋಗುತ್ತಿದ್ದ ಹುಲ್ಲಿನ ಟ್ರ್ಯಾಕ್ಟರು ನಿಂತಿತು. ನಾನು ಬ್ರೇಕ್ ತುಳಿದೆ. ತುಳಿದೆ ಎಂದುಕೊಂಡೆ. ಬಸ್ಸು ನಿಲ್ಲಲಿಲ್ಲ. ಕೆಳಗೆ ನೋಡಿದರೆ ಕಾಲು ಪೆಡಲಿನ ಪಕ್ಕಕ್ಕೆ ಜಾರಿ ನೆಲದ ಮೇಲಿತ್ತು. ಎಡಗಾಲನ್ನು ತಂದು ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದೆ. ಗಾಜಿನ ತುಂಬ ಹುಲ್ಲೇ ಕಂಡಿತು. ಒಂದು ಮೊಳ ಅಂತರದಲ್ಲಿ ಬಸ್ಸು ನಿಂತಿತು. ಹಿಂದೆ ನಲವತ್ತು ಜನ ಒಬ್ಬರ ಮೇಲೊಬ್ಬರು ಮುಗ್ಗರಿಸಿದರು, ಆಮೇಲೆ ನಕ್ಕರು.

"ಏನಣ್ಣಾ, ನಿದ್ದೆ ಬಂತಾ?"

ಟ್ರ್ಯಾಕ್ಟರು ಹೊರಟುಹೋಯಿತು. ನಾನು ಬಸ್ಸನ್ನು ಪಕ್ಕಕ್ಕೆ ಹಾಕಿ, ಕೀ ತೆಗೆದು, ಸೀಟಿನಲ್ಲೇ ಹಿಂದಕ್ಕೆ ತಿರುಗಿದೆ. "ನನ್ನ ಬಲಗಾಲು ಸತ್ತೋಗದೆ ಕಣ್ರಮ್ಮಾ. ನಾನಿನ್ನ ಓಡ್ಸಲ್ಲ. ಇಲ್ಲಿಂದ ನಡ್ಕೊಂಡೋಗಿ" ಎಂದೆ.

ಯಾರೂ ಇಳಿಯಲಿಲ್ಲ. ಗೊಣಗಾಟ ಶುರುವಾಯಿತು. ನನ್ನ ಹಿಂದಿನ ಸೀಟಿನಿಂದ, ಕಾರ್ಖಾನೆಯ ಶಿಶುಮನೆಗೆ ಬಿಡಲು ಮಗುವನ್ನು ಕರೆತಂದಿದ್ದ ಒಬ್ಬ ಹೆಣ್ಣುಮಗಳು ಎದ್ದು ಬಂದಳು. ಮಗು ಅವಳ ಭುಜದ ಮೇಲೆ ನಿದ್ದೆ ಮಾಡುತ್ತಿತ್ತು.

"ಎರಡೇ ಕಿಲೋಮೀಟ್ರು ಅಣ್ಣಾ. ಲೇಟಾದ್ರೆ ಗೇಟ್ ಹಾಕ್ಬಿಡ್ತಾರೆ. ನಿಧಾನಕ್ಕೆ ಬಿಡು, ಏನಾಗಲ್ಲ. ಶನಿವಾರ ಚೆನ್ನಾಗೇ ಬಂದ್ಯಲ್ಲ?"

"ಶನಿವಾರಾನೂ ಹಿಂಗೇ ಇತ್ತು."

"ಯಾವತ್ತಿಂದ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

"ಎಂಟು ದಿನ ಆಯ್ತು" ಎಂದೆ.

ಅವಳು ಭುಜದ ಮೇಲಿದ್ದ ಮಗುವನ್ನು ನೋಡಿದಳು. ನನ್ನನ್ನು ನೋಡಿದಳು. ಮಗುವಿನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದು, ಎಲ್ಲರಿಗಿಂತ ಮೊದಲು ಬಸ್ಸು ಇಳಿದಳು.